ಚೀಟಿಯ ಅಕ್ಷರ ದುಂಡಗಾದರೆ ಸಾಲದು, ಲೆಕ್ಕವೂ ನೆಟ್ಟಗಿರಬೇಕು

ಮಾನ್ಯ ಸಂಪಾದಕರೇ,

ವೈದ್ಯರ ಕೈಬರಹ ಯಾರಿಗೂ ಓದಲು ಬರುವುದಿಲ್ಲ ಎಂಬ ದೂರು ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೊಡ್ಡಕ್ಷರದಲ್ಲಿ ಬರೆಯಲಿ, ಇಲ್ಲವೇ ಕಂಪ್ಯೂಟರಿನಲ್ಲಿ ಮುದ್ರಿಸಿ ಕೊಡಲಿ ಎಂಬ ಸಲಹೆಯೂ ಜೊತೆಗೇ ಬರುತ್ತದೆ. ದೂರು ನ್ಯಾಯವಾದದ್ದೇ, ಸಲಹೆಯೂ ಸರಿಯೇ. ಆದರೆ ಮುತ್ತು ಪೋಣಿಸಿದಂಥ ಅಕ್ಷರದ ಚೀಟಿಯೂ ರೋಗಿಯ ಪ್ರಾಣಕ್ಕೆ ಎರವಾಗಬಲ್ಲದು. ಸಂಧಿವಾತದ ರೋಗಿಗೆ ‘ಮೆಥೋಟ್ರೆಕ್ಸೇಟ್ 7.5 ಮಿ.ಗ್ರಾಂ., ದಿನಕ್ಕೊಮ್ಮೆ’ ಎಂದು ಸ್ಪಷ್ಟವಾಗಿ ಮುದ್ರಿಸಿ ಕೊಟ್ಟರೆ ಓದಲು ಯಾರಿಗೂ ತೊಡಕಿಲ್ಲ. ಆದರೆ ಆ ಕಾಯಿಲೆಗೆ ಆ ಔಷಧವನ್ನು ಕೊಡುವುದು ವಾರಕ್ಕೊಮ್ಮೆ. ದಿನವೂ ನುಂಗಿದವರಿಗೆ ಮೊದಲು ಬಾಯಿ ತುಂಬ ಹುಣ್ಣು, ಆಮೇಲೆ ಅಸ್ಥಿಮಜ್ಜೆ ಸೊರಗಿ ರಕ್ತಕಣಗಳ ಕುಸಿತ, ಅದರ ಬೆನ್ನಿಗೇ ಸೋಂಕು. ಈ ಒಂದೇ ತಪ್ಪಿನಿಂದ ಸಾವುಗಳಾಗಿವೆ. ಅದಕ್ಕೇ ಈ ಚೀಟಿಯಲ್ಲಿ ದಿನದ ಹೆಸರನ್ನೇ ಬರೆಯಬೇಕು: ‘ಪ್ರತಿ ಸೋಮವಾರ ಮಾತ್ರ, 2.5 ಮಿ.ಗ್ರಾಂ. ಮಾತ್ರೆ 3, ಒಟ್ಟಿಗೆ. ನಾಲ್ಕು ವಾರಕ್ಕೆ ಒಟ್ಟು 12 ಮಾತ್ರೆ.’ ಒಟ್ಟು ಸಂಖ್ಯೆ ಬರೆದಿದ್ದರೆ ತಪ್ಪು ಅಲ್ಲೇ ಹೊರಬೀಳುತ್ತದೆ. ದಿನಕ್ಕೆ ಮೂರರಂತೆ ನಾಲ್ಕು ವಾರಕ್ಕೆ 84 ಮಾತ್ರೆ ಕೇಳುವ ಚೀಟಿ ಕೈಗೆ ಬಂದ ಫಾರ್ಮಸಿಸ್ಟ್ ಒಂದು ಫೋನ್ ಮಾಡದೆ ಇರಲಾರರು.

ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳಿಗೆ ನಾವು ಔಷಧಶಾಸ್ತ್ರವನ್ನು ಒಂದು ಕಡೆ, ಚೀಟಿ ಬರೆಯುವುದನ್ನು ಇನ್ನೊಂದು ಕಡೆ ಕಲಿಸುತ್ತೇವೆ. ಅರ್ಧಾಯು ಎಂದರೇನು ಎಂಬುದು ಎರಡು ಅಂಕದ ಪ್ರಶ್ನೆ. ಚೀಟಿಯ ಭಾಗಗಳನ್ನು ಪಟ್ಟಿ ಮಾಡಿ ಎಂಬುದು ಐದು ಅಂಕದ ಪ್ರಶ್ನೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ಯಾರೂ ತೋರಿಸಿಕೊಡುವುದಿಲ್ಲ. ತಪ್ಪು ಹುಟ್ಟುವುದು ಇಲ್ಲೇ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಎಷ್ಟು ಮಿಲಿಗ್ರಾಂ, ಯಾವ ದಾರಿಯಲ್ಲಿ, ಎಷ್ಟು ಗಂಟೆಗೊಮ್ಮೆ, ಎಷ್ಟು ದಿನ ಎಂದು ಚೀಟಿಯಲ್ಲಿ ಬರೆಯುವ ಒಂದೊಂದು ಮಾತೂ ಔಷಧಶಾಸ್ತ್ರದ ಒಂದೊಂದು ಪ್ರಶ್ನೆಗೆ ಕೊಟ್ಟ ಉತ್ತರ. ಪ್ರಶ್ನೆ ಗೊತ್ತಿಲ್ಲದೆ ಉತ್ತರ ಬರೆಯುವವರು ಹಿರಿಯರ ಚೀಟಿ ನೋಡಿ ನಕಲು ಮಾಡುತ್ತಾರೆ. ನಕಲಿನಲ್ಲಿ ರೋಗಿಯ ತೂಕವಾಗಲಿ ಕಿಡ್ನಿಯಾಗಲಿ ಬರುವುದಿಲ್ಲ.

ಚೀಟಿಯ ಅಂಗಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಪಠ್ಯದಲ್ಲಿ ಇದ್ದೇ ಇವೆ. ತಾರೀಖು, ರೋಗಿಯ ಹೆಸರು, ವಯಸ್ಸು, ಲಿಂಗ, ಬರೆದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಸಹಿ, ‘ತೆಗೆದುಕೋ’ ಎಂಬ ಲ್ಯಾಟಿನ್ ಮಾತಿನಿಂದ ಬಂದ ಆರ್‌ಎಕ್ಸ್ ಗುರುತು, ಅದರ ಕೆಳಗೆ ಔಷಧದ ಹೆಸರು, ರೂಪ, ಬಲ, ಒಟ್ಟು ಎಷ್ಟು ಕೊಡಬೇಕು, ಹೇಗೆ ಸೇವಿಸಬೇಕು. ಎರಡು ಸಂಗತಿಗಳನ್ನು ಮಾತ್ರ ಒತ್ತಿ ಹೇಳಬೇಕು. ಮಕ್ಕಳ ಚೀಟಿಯಲ್ಲಿ ತೂಕವಿಲ್ಲದಿದ್ದರೆ ಅದನ್ನು ಅಪೂರ್ಣ ಚೀಟಿ ಎಂದೇ ಎಣಿಸಬೇಕು. ಅಲರ್ಜಿಯ ಜಾಗವನ್ನು ಖಾಲಿ ಬಿಡಬಾರದು; ‘ಕೇಳಿದೆ, ಇಲ್ಲ’ ಎಂದಾದರೂ ಬರೆಯಬೇಕು. ಖಾಲಿ ಜಾಗ ನೋಡಿದವರಿಗೆ ಅಲರ್ಜಿ ಇಲ್ಲವೋ, ಕೇಳಲೇ ಇಲ್ಲವೋ ತಿಳಿಯುವುದಿಲ್ಲ.

ಇನ್ನು ಅಂಕಿಗಳು. ಜೀವ ಹೋಗುವುದು ಹೆಚ್ಚಾಗಿ ಈ ಸಾಲಿನಲ್ಲಿ. 5.0 ಎಂದು ಬರೆದರೆ, ನಡುವಿನ ಚುಕ್ಕಿ ಗೆರೆಯ ಮೇಲೆ ಬಿದ್ದು ಮರೆಯಾದರೆ, ಅದು 50. ಹಾಗಾಗಿ ಪೂರ್ಣ ಸಂಖ್ಯೆಯ ಹಿಂದೆ ಚುಕ್ಕಿ ಸೊನ್ನೆ ಹಾಕಲೇಬಾರದು. ಅರ್ಧ ಮಿಲಿಗ್ರಾಂ ಅನ್ನು .5 ಎಂದು ಬರೆದರೆ ಚುಕ್ಕಿ ಕಾಣದವರಿಗೆ ಅದು 5. ಆದ್ದರಿಂದ ಒಂದಕ್ಕಿಂತ ಕಡಿಮೆ ಇರುವಲ್ಲಿ ಮುಂದೆ ಸೊನ್ನೆ ಬೇಕೇ ಬೇಕು, 0.5. ಎರಡೂ ತಪ್ಪಿನ ಫಲ ಹತ್ತು ಪಟ್ಟು ಡೋಸ್. ಸಾಧ್ಯವಿದ್ದಲ್ಲೆಲ್ಲ ದಶಮಾಂಶವನ್ನೇ ತಪ್ಪಿಸಿದರೆ ಇನ್ನೂ ಒಳ್ಳೆಯದು: 0.05 ಮಿ.ಗ್ರಾಂ. ಥೈರಾಕ್ಸಿನ್ ಎನ್ನುವ ಬದಲು 50 ಮೈಕ್ರೋಗ್ರಾಂ ಎಂದು, ಮೈಕ್ರೋ ಎಂಬುದನ್ನು ಪೂರ್ತಿ ಬಿಡಿಸಿ ಬರೆಯುವುದು. ಮೈಕ್ರೋಗೆ ಹಾಕುವ ಗ್ರೀಕ್ ಚಿಹ್ನೆ ಅವಸರದಲ್ಲಿ ಇಂಗ್ಲಿಷಿನ ಎಮ್ ಆಗಿಬಿಟ್ಟರೆ ವ್ಯತ್ಯಾಸ ಸಾವಿರ ಪಟ್ಟು.

ಇನ್ಸುಲಿನ್ ಬರೆಯುವಾಗ ಯೂನಿಟ್‌ಗೆ ಇಂಗ್ಲಿಷಿನ ಯು ಅಕ್ಷರವೊಂದನ್ನೇ ಹಾಕುವ ಚಾಳಿ ಇದೆ. ಆ ಅಕ್ಷರದ ಬಾಯಿ ಮುಚ್ಚಿಕೊಂಡರೆ ಅದು ಸೊನ್ನೆ, 10 ಯೂನಿಟ್ 100 ಆಯಿತು. ಯೂನಿಟ್ ಎಂಬ ಪದವನ್ನೇ ಬರೆಯಬೇಕು. ಔಷಧದ ಹೆಸರಿಗೂ ಅಂಕಿಗೂ ನಡುವೆ ಜಾಗ ಬಿಡಬೇಕು. ಪ್ರೊಪ್ರನೊಲಾಲ್ ಹೆಸರು ಇಂಗ್ಲಿಷಿನಲ್ಲಿ ಎಲ್ ಅಕ್ಷರದಿಂದ ಮುಗಿಯುತ್ತದೆ. ಅದಕ್ಕಂಟಿಸಿ 20 ಎಂದು ಬರೆದರೆ ಎಲ್ ಒಂದರಂತೆ ಕಂಡು 120 ಆಗುತ್ತದೆ. ಅಂಕಿಗೂ ಮಿಲಿಗ್ರಾಂ ಗುರುತಿಗೂ ನಡುವೆ ಜಾಗ ಬೇಕಾದದ್ದೂ ಇದೇ ಕಾರಣಕ್ಕೆ. ಸಂಕ್ಷೇಪಗಳ ಕಥೆಯೂ ಅಷ್ಟೇ. ಓ.ಡಿ. ಎಂದರೆ ಕೆಲವರಿಗೆ ದಿನಕ್ಕೊಮ್ಮೆ, ಕಣ್ಣಿನ ವೈದ್ಯರಿಗೆ ಬಲಗಣ್ಣು. ಎಚ್.ಎಸ್. ಎಂದರೆ ಮಲಗುವಾಗ ಎಂದು ಒಬ್ಬರು, ಅರ್ಧ ಬಲದ್ದು ಎಂದು ಇನ್ನೊಬ್ಬರು ಓದುತ್ತಾರೆ. ‘ರಾತ್ರಿ ಮಲಗುವಾಗ’ ಎಂದು ಬರೆಯಲು ಹಿಡಿಯುವುದು ಎರಡು ಸೆಕೆಂಡ್.

ಮಕ್ಕಳ ಸಿರಪ್ಪಿನ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಬಲ, ಪರಿಮಾಣ, ತೂಕ ಮೂರೂ ಒಂದೇ ಸಾಲಿನಲ್ಲಿ ಕೂಡುವ ಜಾಗ ಅದು. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿ.ಗ್ರಾಂ. ಮಗು 12 ಕಿಲೋ ಇದ್ದರೆ, 15ರ ಲೆಕ್ಕದಲ್ಲಿ 180 ಮಿ.ಗ್ರಾಂ. ಇಲ್ಲಿಯವರೆಗೆ ಎಲ್ಲ ವಿದ್ಯಾರ್ಥಿಗಳೂ ಸರಿಯಾಗಿ ಮಾಡುತ್ತಾರೆ. ಮುಂದಿನ ಹೆಜ್ಜೆಯಲ್ಲಿ ಎಡವುತ್ತಾರೆ. 5 ಮಿ.ಲೀ.ಯಲ್ಲಿ 120 ಮಿ.ಗ್ರಾಂ. ಇರುವ ಸಿರಪ್ ಆದರೆ 7.5 ಮಿ.ಲೀ. ಬೇಕು. 5 ಮಿ.ಲೀ.ಯಲ್ಲಿ 250 ಮಿ.ಗ್ರಾಂ. ಇರುವುದಾದರೆ 3.6 ಮಿ.ಲೀ. ಸಾಕು. ಒಂದೊಂದು ಮಿ.ಲೀ.ಯಲ್ಲೂ 100 ಮಿ.ಗ್ರಾಂ. ಇರುವ ಡ್ರಾಪ್ಸ್ ಆದರೆ ಬರೀ 1.8 ಮಿ.ಲೀ. ಮೂರೂ ಬಾಟಲಿಯ ಮೇಲೆ ಒಂದೇ ಔಷಧದ ಹೆಸರು. ಚೀಟಿಯಲ್ಲಿ ‘ಪ್ಯಾರಾಸಿಟಮಾಲ್ 7.5 ಮಿ.ಲೀ.’ ಎಂದಷ್ಟೇ ಇದ್ದು, ಮನೆಯಲ್ಲಿ ಡ್ರಾಪ್ಸ್ ಬಾಟಲಿ ಇದ್ದರೆ, ಮಗುವಿನ ಹೊಟ್ಟೆಗೆ ಹೋಗುವುದು 750 ಮಿ.ಗ್ರಾಂ. ಇಡೀ ದಿನದಲ್ಲಿ ಕೊಡಬಹುದಾದಷ್ಟು ಒಂದೇ ಗುಟುಕಿಗೆ. ನಾಲ್ಕು ಸಲ ಕೊಟ್ಟರೆ ಕಿಲೋಗೆ 250 ಮಿ.ಗ್ರಾಂ.

ಅದು ಏಕೆ ವಿಷವಾಗುತ್ತದೆ ಎಂಬುದನ್ನೂ ಇದೇ ಜಾಗದಲ್ಲಿ ಹೇಳಿಕೊಡಬೇಕು. ಪ್ಯಾರಾಸಿಟಮಾಲಿನ ಹೆಚ್ಚಿನ ಪಾಲನ್ನು ಯಕೃತ್ತು ನಿರಪಾಯ ರೂಪಕ್ಕೆ ತಂದು ಹೊರಹಾಕುತ್ತದೆ. ಸ್ವಲ್ಪ ಪಾಲು ಮಾತ್ರ ಕೆಡುಕಿನ ಒಂದು ವಸ್ತುವಾಗುತ್ತದೆ, ಅದನ್ನು ಯಕೃತ್ತಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ಕಾವಲು ವಸ್ತು ಹಿಡಿದು ಸುಮ್ಮನಾಗಿಸುತ್ತದೆ. ಡೋಸ್ ಮಿತಿ ಮೀರಿದಾಗ ಮೊದಲ ದಾರಿ ತುಂಬಿ ಕಟ್ಟಿಕೊಳ್ಳುತ್ತದೆ, ಎರಡನೇ ದಾರಿಗೆ ನುಗ್ಗು ಹೆಚ್ಚುತ್ತದೆ, ಗ್ಲುಟಾಥಯೋನ್ ದಾಸ್ತಾನು ಮುಗಿಯುತ್ತದೆ, ಆಮೇಲೆ ಯಕೃತ್ತಿನ ಜೀವಕೋಶಗಳೇ ಸಾಯತೊಡಗುತ್ತವೆ. ಇಷ್ಟು ಗೊತ್ತಿದ್ದ ವಿದ್ಯಾರ್ಥಿಗೆ ‘24 ಗಂಟೆಯಲ್ಲಿ ಇಷ್ಟನ್ನು ಮೀರಬಾರದು’ ಎಂಬ ಸಾಲು ಬರೆಯಲು ಯಾರೂ ನೆನಪಿಸಬೇಕಾಗಿಲ್ಲ. ಪೂರ್ತಿ ಬರೆದ ಸಾಲು ಹೀಗಿರುತ್ತದೆ: ‘ಪ್ಯಾರಾಸಿಟಮಾಲ್ ಸಿರಪ್, 5 ಮಿ.ಲೀ.ಗೆ 120 ಮಿ.ಗ್ರಾಂ. ಒಂದು ಸಲಕ್ಕೆ 180 ಮಿ.ಗ್ರಾಂ., ಅಂದರೆ 7.5 ಮಿ.ಲೀ., ಬಾಯಿಯ ಮೂಲಕ, ಜ್ವರ ಇದ್ದಾಗ ಮಾತ್ರ. ಎರಡು ಸಲದ ನಡುವೆ 6 ಗಂಟೆ ಬಿಡಬೇಕು. 24 ಗಂಟೆಯಲ್ಲಿ 4 ಸಲ ಮೀರಬಾರದು. 3 ದಿನ. ಒಟ್ಟು 90 ಮಿ.ಲೀ.’ ಮಿಲಿಗ್ರಾಂ, ಮಿಲಿಲೀಟರ್ ಎರಡೂ ಇರುವುದರಿಂದ ಬೇರೆ ಬಲದ ಬಾಟಲಿ ಸಿಕ್ಕರೂ ಫಾರ್ಮಸಿಸ್ಟ್ ಮತ್ತೆ ಲೆಕ್ಕ ಹಾಕಬಲ್ಲರು. ಚಮಚ ಎಂಬ ಅಳತೆ ಬೇಡ. ಅಡುಗೆಮನೆಯ ಯಾವ ಎರಡು ಚಮಚವೂ ಒಂದೇ ಅಳತೆಯವಲ್ಲ. ಸೂಜಿಯಿಲ್ಲದ ಬಾಯಿಸಿರಿಂಜ್ ಕೊಟ್ಟು, ಯಾವ ಗೆರೆಯವರೆಗೆ ಎಳೆಯಬೇಕೆಂದು ಅದರ ಮೇಲೇ ಗುರುತು ಹಾಕಿಕೊಡುವುದು ಒಳ್ಳೆಯದು.

‘ಬೇಕಾದಾಗ’ ಎಂದಷ್ಟೇ ಬರೆಯುವ ರೂಢಿಯೂ ನಿಲ್ಲಬೇಕು. ಯಾವುದಕ್ಕೆ ಬೇಕಾದಾಗ, ಎರಡರ ನಡುವೆ ಎಷ್ಟು ಅಂತರ, ದಿನಕ್ಕೆ ಗರಿಷ್ಠ ಎಷ್ಟು ಎಂಬ ಮೂರೂ ಇಲ್ಲದಿದ್ದರೆ ಅದು ಆದೇಶವೇ ಅಲ್ಲ.

ಎಷ್ಟು ಗಂಟೆಗೊಮ್ಮೆ ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಅರ್ಧಾಯುವಿನಲ್ಲಿದೆ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು ಅದು. ನೋವಿನ ಮಾತ್ರೆ ಐಬುಪ್ರೊಫೆನ್‌ಗೆ ಸುಮಾರು 2 ಗಂಟೆ, ಆದ್ದರಿಂದ ದಿನಕ್ಕೆ ಮೂರು ಸಲ. ಬಿ.ಪಿ. ಮಾತ್ರೆ ಆಮ್ಲೊಡಿಪಿನ್‌ಗೆ 30ರಿಂದ 50 ಗಂಟೆ, ಆದ್ದರಿಂದ ದಿನಕ್ಕೊಮ್ಮೆ ಸಾಕು. ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಮರೆಯುತ್ತಾರೆ: ಒಂದೇ ಡೋಸನ್ನು ಕ್ರಮವಾಗಿ ಕೊಡುತ್ತ ಹೋದರೆ ರಕ್ತದ ಮಟ್ಟ ಒಂದು ಕಡೆ ನಿಲ್ಲಲು ನಾಲ್ಕೈದು ಅರ್ಧಾಯು ಬೇಕು. ಆಮ್ಲೊಡಿಪಿನ್ ಶುರುಮಾಡಿ ಎರಡನೇ ದಿನ ಬಿ.ಪಿ. ಇಳಿದಿಲ್ಲವೆಂದು ಡೋಸ್ ಇಮ್ಮಡಿ ಮಾಡುವವರು ವಾರದ ಕೊನೆಗೆ ಕಾಲೂದಿಕೊಂಡ, ತಲೆ ತಿರುಗುವ ರೋಗಿಯನ್ನು ನೋಡಬೇಕಾಗುತ್ತದೆ. ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಅರ್ಧಾಯು ಸುಮಾರು 7 ದಿನ. ಐದು ಏಳಲಿ ಮೂವತ್ತೈದು ಎಂದು ಮಗ್ಗಿ ಹೇಳಿಕೊಂಡರೆ, ಡೋಸ್ ಬದಲಿಸಿದ ಮೇಲೆ ಥೈರಾಯ್ಡಿನ ಟಿ.ಎಸ್.ಎಚ್. ರಕ್ತಪರೀಕ್ಷೆಗೆ ಆರು ವಾರ ಕಾಯಬೇಕು ಎಂಬ ನಿಯಮ ತಾನಾಗಿಯೇ ಸಿಗುತ್ತದೆ. ಅಷ್ಟು ಕಾಯಲಾಗದ ತುರ್ತಿನಲ್ಲಿ ಮೊದಲೊಂದು ದೊಡ್ಡ ಡೋಸ್ ಕೊಡುತ್ತೇವೆ. ಅದರ ಗಾತ್ರ ನಿರ್ಧಾರವಾಗುವುದು ಔಷಧ ದೇಹದಲ್ಲಿ ಎಷ್ಟು ಅಗಲಕ್ಕೆ ಹರಡಿಕೊಳ್ಳುತ್ತದೆ ಎಂಬುದರಿಂದ. ಆಮೇಲಿನ ದಿನನಿತ್ಯದ ಡೋಸ್ ನಿರ್ಧಾರವಾಗುವುದು ದೇಹ ಎಷ್ಟು ವೇಗವಾಗಿ ಅದನ್ನು ಹೊರಹಾಕುತ್ತದೆ ಎಂಬುದರಿಂದ. ಕಿಡ್ನಿ ಕೆಟ್ಟವರಲ್ಲಿ ಮೊದಲ ಡೋಸ್ ಬಹುಮಟ್ಟಿಗೆ ಹಾಗೇ ಉಳಿದು, ಮುಂದಿನವು ಮಾತ್ರ ಇಳಿಯುವುದು ಇದೇ ಕಾರಣಕ್ಕೆ.

ಅಪಸ್ಮಾರಕ್ಕೆ ಕೊಡುವ ಫೆನಿಟೊಯಿನ್ ಈ ಲೆಕ್ಕವನ್ನೆಲ್ಲ ಮುರಿಯುವ ಔಷಧ. ಅದನ್ನು ಕರಗಿಸುವ ಕಿಣ್ವ ಬೇಗ ತುಂಬಿಹೋಗುತ್ತದೆ. ಹಾಗಾಗಿ ದಿನಕ್ಕೆ 300ರಿಂದ 400 ಮಿ.ಗ್ರಾಂ.ಗೆ ಏರಿಸಿದರೆ ರಕ್ತದ ಮಟ್ಟ ಮೂರನೇ ಒಂದು ಪಾಲು ಏರಿ ನಿಲ್ಲುವುದಿಲ್ಲ, ಇಮ್ಮಡಿ ಮುಮ್ಮಡಿಯೂ ಆಗಬಹುದು. ಕಣ್ಣುಗುಡ್ಡೆ ಅದುರುವುದು, ನಡಿಗೆ ತೂರಾಡುವುದು ಶುರುವಾದರೆ ಡೋಸ್ ಹೆಚ್ಚಾಯಿತೆಂದು ಮೊದಲು ಅನುಮಾನಿಸಬೇಕು.

ಯಾವ ದಾರಿಯಲ್ಲಿ ಕೊಡಬೇಕು ಎಂಬುದೂ ಬಾಯಿಪಾಠದ ವಿಷಯವಲ್ಲ. ನುಂಗಿದ ಔಷಧ ಕರುಳಿನಿಂದ ನೇರ ಯಕೃತ್ತಿಗೆ ಹೋಗುತ್ತದೆ. ಕೆಲವು ಅಲ್ಲೇ ಬಹುಪಾಲು ಕರಗಿಹೋಗುತ್ತವೆ. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಡಿಸುವುದು ಇದಕ್ಕೇ. ಚೀಟಿಯಲ್ಲಿ ‘ನಾಲಿಗೆಯ ಕೆಳಗೆ, ನುಂಗಬಾರದು, ಕುಳಿತುಕೊಂಡು’ ಎಂದು ಬರೆಯದಿದ್ದರೆ ರೋಗಿ ನೀರು ಕುಡಿದು ನುಂಗುತ್ತಾರೆ, ನೋವು ಹೋಗುವುದಿಲ್ಲ. ನಿಂತುಕೊಂಡೇ ಇಟ್ಟುಕೊಂಡರೆ ರಕ್ತದೊತ್ತಡ ಕುಸಿದು ಬೀಳುತ್ತಾರೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಮೂಗಿನ ನಳಿಕೆಗೆಂದು ಪುಡಿ ಮಾಡಿದರೆ ದಿನದ ಔಷಧ ಒಂದೇ ಗಂಟೆಯಲ್ಲಿ ರಕ್ತ ಸೇರುತ್ತದೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಇದನ್ನು ಮೊದಲ ವಾರವೇ ಹೇಳಿಕೊಡಬೇಕು, ಏಕೆಂದರೆ ಕುಟ್ಟುವ ಕೈ ಅವರದು.

ಅಡ್ರಿನಲಿನ್ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಅದರ ಬಲವನ್ನು ಅನುಪಾತದಲ್ಲಿ ಹೇಳುವ ರೂಢಿಯಿದೆ. ಸಾವಿರದಲ್ಲಿ ಒಂದು ಎಂದರೆ ಸಾವಿರ ಮಿ.ಲೀ.ಯಲ್ಲಿ ಒಂದು ಗ್ರಾಂ, ಅಂದರೆ ಮಿ.ಲೀ.ಗೆ 1 ಮಿ.ಗ್ರಾಂ. ಹತ್ತು ಸಾವಿರದಲ್ಲಿ ಒಂದು ಎಂದರೆ ಮಿ.ಲೀ.ಗೆ 0.1 ಮಿ.ಗ್ರಾಂ. ತೀವ್ರ ಅಲರ್ಜಿಯಲ್ಲಿ ದೊಡ್ಡವರಿಗೆ 0.5 ಮಿ.ಗ್ರಾಂ., ಅಂದರೆ ಮೊದಲನೆಯದರ ಅರ್ಧ ಮಿ.ಲೀ., ತೊಡೆಯ ಹೊರಮಗ್ಗುಲ ಸ್ನಾಯುವಿಗೆ. ಅದೇ ಪ್ರಮಾಣವನ್ನು ಗಾಬರಿಯಲ್ಲಿ ರಕ್ತನಾಳಕ್ಕೆ ತಳ್ಳಿದರೆ ಹೃದಯದ ಬಡಿತ ಹಳಿ ತಪ್ಪುತ್ತದೆ. ಅನುಪಾತದ ಭಾಷೆಯನ್ನು ಬಿಟ್ಟು ಮಿಲಿಗ್ರಾಂ, ಮಿಲಿಲೀಟರ್, ದಾರಿ ಮೂರನ್ನೂ ಬರೆಯುವ ಅಭ್ಯಾಸವೇ ಇದಕ್ಕೆ ಮದ್ದು. ಶೇಕಡಾ ಲೆಕ್ಕವೂ ಹೀಗೇ ತೊಡಕಿನದು: ಮರಗಟ್ಟಿಸುವ ಚುಚ್ಚುಮದ್ದು ಲಿಗ್ನೊಕೇನ್ 2 ಶೇಕಡಾ ಎಂದರೆ ಮಿ.ಲೀ.ಗೆ 2 ಅಲ್ಲ, 20 ಮಿ.ಗ್ರಾಂ. ದಂತವೈದ್ಯಕೀಯ ವಿದ್ಯಾರ್ಥಿಗಳನ್ನು ನಿದ್ದೆಯಿಂದೆಬ್ಬಿಸಿ ಕೇಳಿದರೂ ಇದನ್ನು ಹೇಳುವಂತಿರಬೇಕು.

ವಯಸ್ಸಾದವರ ವಿಷಯದಲ್ಲಿ ಕಣ್ಣಿಗೆ ಮಣ್ಣೆರಚುವುದು ಕಿಡ್ನಿಯ ಕೆಲಸ ಅಂದಾಜಿಸುವ ರಕ್ತಪರೀಕ್ಷೆ, ಕ್ರಿಯಾಟಿನಿನ್ ವರದಿ. ಡೆಸಿಲೀಟರಿಗೆ 1.2 ಮಿ.ಗ್ರಾಂ. ಎಂದಿದ್ದರೆ ನಾರ್ಮಲ್ ಎಂದು ಬದಿಗಿಡುತ್ತಾರೆ. 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಕೊಟ್ಟ ಸೂತ್ರ ಇಂದಿಗೂ ಕಾಗದದ ಮೂಲೆಯಲ್ಲಿ ಮಾಡಬಹುದಾದಷ್ಟು ಸರಳ: 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸಬೇಕು, ಹೆಣ್ಣಾದರೆ ಬಂದದ್ದನ್ನು 0.85ರಿಂದ ಗುಣಿಸಬೇಕು. 30 ವರ್ಷದ, 70 ಕಿಲೋ ತೂಕದ ಗಂಡಸಿಗೆ 1.2 ಇದ್ದರೆ ಕಿಡ್ನಿಯ ಶೋಧನೆ ನಿಮಿಷಕ್ಕೆ 89 ಮಿ.ಲೀ. 75 ವರ್ಷದ, 48 ಕಿಲೋ ತೂಕದ ಹೆಂಗಸಿಗೆ ಅದೇ 1.2 ಇದ್ದರೆ 31 ಮಿ.ಲೀ. ಲ್ಯಾಬಿನ ಅಂಕಿ ಒಂದೇ, ಕಿಡ್ನಿಯ ಕೆಲಸ ಮೂರನೇ ಒಂದು ಪಾಲು. ಆ ಅಜ್ಜಿಗೆ ಸೊಂಟನೋವಿನ ನರದ ಮಾತ್ರೆ ಗಬಾಪೆಂಟಿನ್ ಬರೆಯುವುದಾದರೆ ದಿನದ ಗರಿಷ್ಠ ಮಿತಿ 3600ರಿಂದ 1400 ಮಿ.ಗ್ರಾಂ.ಗೆ ಇಳಿಯುತ್ತದೆ. ಇಳಿಸದಿದ್ದರೆ ಮಂಪರು, ತೂರಾಟ, ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ತೊಡೆಮೂಳೆ ಮುರಿತ. ಮೂಳೆ ಮುರಿದದ್ದು ಚೀಟಿಯಿಂದ ಎಂದು ಆಮೇಲೆ ಯಾರಿಗೂ ಹೊಳೆಯುವುದಿಲ್ಲ.

ಒಂದರ ಮೇಲೊಂದು ಔಷಧ ಬಿದ್ದಾಗ ಆಗುವ ಜಗಳಗಳು ನೂರಾರು, ಅವನ್ನೆಲ್ಲ ನೆನಪಿಡುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಎರಡು ಬಗೆ ತಿಳಿದಿರಲಿ. ಔಷಧಗಳನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ತಡೆಯುವ ಔಷಧದ ಪರಿಣಾಮ ಬೇಗ ಕಾಣುತ್ತದೆ: ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಸೋಂಕಿನ ಔಷಧ ಮೆಟ್ರೊನಿಡಜೋಲ್ ಸೇರಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಹೆಪ್ಪುಗಟ್ಟುವಿಕೆಯ ಅಳತೆ ಐ.ಎನ್.ಆರ್. ಏರಿ ರಕ್ತಸ್ರಾವವಾಗಬಹುದು. ಕಿಣ್ವವನ್ನು ಹೆಚ್ಚಿಸುವ ಔಷಧದ ಪರಿಣಾಮ ನಿಧಾನ, ಒಂದೆರಡು ವಾರ ಹಿಡಿಯುತ್ತದೆ, ನಿಲ್ಲಿಸಿದ ಮೇಲೂ ಅಷ್ಟೇ ನಿಧಾನವಾಗಿ ಹೋಗುತ್ತದೆ: ಕ್ಷಯದ ಔಷಧ ರಿಫಾಂಪಿಸಿನ್ ಶುರುವಾದ ಮಹಿಳೆಗೆ ಗರ್ಭನಿರೋಧಕ ಮಾತ್ರೆಯನ್ನು ನಂಬಬೇಡಿ ಎಂದು ಹೇಳದಿದ್ದರೆ ತಪ್ಪು ನಮ್ಮದು. ಉಳಿದದ್ದನ್ನು ಪುಸ್ತಕದಲ್ಲೋ ಫೋನಿನಲ್ಲೋ ನೋಡಿಯೇ ಬರೆಯಬೇಕು. ರೋಗಿಯ ಮುಂದೆ ಪುಸ್ತಕ ತೆರೆಯುವುದು ಅವಮಾನವಲ್ಲ ಎಂದು ವಿದ್ಯಾರ್ಥಿಗಳಿಗೆ ಗಟ್ಟಿಯಾಗಿ ಹೇಳಬೇಕಾದವರು ಹಿರಿಯರು.

ಮುದ್ರಿತ ಚೀಟಿ ಬಂದರೆ ಇದೆಲ್ಲ ಸರಿಹೋಗುತ್ತದೆ ಎಂಬ ಭರವಸೆ ಅರ್ಧ ಮಾತ್ರ ನಿಜ. ಅಕ್ಷರದ ತಪ್ಪು ಕಡಿಮೆಯಾಗುತ್ತದೆ, ಆಯ್ಕೆಯ ತಪ್ಪು ಹೊಸದಾಗಿ ಸೇರುತ್ತದೆ. ಪರದೆಯ ಪಟ್ಟಿಯಲ್ಲಿ ಹೈಡ್ರಾಲಜಿನ್ ಕೆಳಗೇ ಹೈಡ್ರಾಕ್ಸಿಜಿನ್ ಇರುತ್ತದೆ. ಬೆರಳು ಒಂದು ಸಾಲು ಜಾರಿದರೆ ಬಿ.ಪಿ.ಯ ಬದಲು ತುರಿಕೆಯ ಔಷಧ. ಯಂತ್ರ ತಾನಾಗಿ ತುಂಬುವ ‘ದಿನಕ್ಕೊಮ್ಮೆ’ಯನ್ನು ಯಾರೂ ತಿದ್ದದಿದ್ದರೆ ಪತ್ರದ ಮೊದಲಲ್ಲಿ ಹೇಳಿದ ಮೆಥೋಟ್ರೆಕ್ಸೇಟ್ ಚೀಟಿಯೇ ಹೊರಬರುತ್ತದೆ. ಹೆಸರಿನ ಪಕ್ಕದಲ್ಲಿ ಯಾವ ಕಾಯಿಲೆಗೆ ಎಂದು ಎರಡು ಪದ ಬರೆದಿದ್ದರೆ ಇಂಥ ತಪ್ಪನ್ನು ಫಾರ್ಮಸಿಸ್ಟ್ ಹಿಡಿಯಬಲ್ಲರು, ರೋಗಿಯೂ ಹಿಡಿಯಬಲ್ಲರು.

ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲೇ ವಿದ್ಯಾರ್ಥಿಗಳಿಗೆಂದು ಆರು ಹೆಜ್ಜೆಗಳ ಕ್ರಮವನ್ನು ಹಾಕಿಕೊಟ್ಟಿದೆ: ತೊಂದರೆ ಏನೆಂದು ಗುರುತಿಸುವುದು, ಚಿಕಿತ್ಸೆಯಿಂದ ಏನಾಗಬೇಕೆಂದು ತೀರ್ಮಾನಿಸುವುದು, ಆಯ್ದ ಔಷಧ ಈ ರೋಗಿಗೆ ಹೊಂದುತ್ತದೆಯೇ ಎಂದು ನೋಡುವುದು, ಚೀಟಿ ಬರೆದು ಚಿಕಿತ್ಸೆ ಶುರುಮಾಡುವುದು, ರೋಗಿಗೆ ತಿಳಿಸಿ ಹೇಳುವುದು, ಫಲ ಗಮನಿಸಿ ಮುಂದುವರಿಸುವುದು ಇಲ್ಲವೇ ನಿಲ್ಲಿಸುವುದು. ಚೀಟಿ ಬರುವುದು ನಾಲ್ಕನೆಯದಾಗಿ. ನಮ್ಮ ಪರೀಕ್ಷೆಗಳು ಈ ನಾಲ್ಕನೆಯದನ್ನು ಮಾತ್ರ, ಅದೂ ಹೊರಗಿನ ಚೌಕಟ್ಟನ್ನು ಮಾತ್ರ ಕೇಳುತ್ತವೆ.

ಆದ್ದರಿಂದ ಪಠ್ಯಕ್ರಮ ರೂಪಿಸುವವರಲ್ಲಿ, ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನಮ್ಮ ಕೋರಿಕೆ ಇದು. ‘ಚೀಟಿಯ ಭಾಗಗಳನ್ನು ಬರೆಯಿರಿ’ ಎಂಬ ಪ್ರಶ್ನೆಯನ್ನು ತೆಗೆದುಹಾಕಿ. ದಶಮಾಂಶ ತಪ್ಪಿದ ಉತ್ತರಕ್ಕೆ ಕ್ರಮ ಸರಿಯಿದೆಯೆಂದು ಅರ್ಧ ಅಂಕ ಕೊಡುವುದನ್ನು ನಿಲ್ಲಿಸಿ. ಹತ್ತು ಪಟ್ಟು ಡೋಸಿಗೆ ಸೊನ್ನೆಯೇ ಸರಿಯಾದ ಅಂಕ. ವೈದ್ಯಕೀಯ ವಿದ್ಯಾರ್ಥಿ ಬರೆದದ್ದನ್ನು ಫಾರ್ಮಸಿ ವಿದ್ಯಾರ್ಥಿ ಓದಿ ಔಷಧ ತೆಗೆದುಕೊಡಲಿ, ನರ್ಸಿಂಗ್ ವಿದ್ಯಾರ್ಥಿ ಅಳೆಯಲಿ. ಪ್ರಾಯೋಗಿಕ ಪರೀಕ್ಷೆಯ ಮೇಜಿನ ಮೇಲೆ ಮೂರು ಬಲದ ಮೂರು ಪ್ಯಾರಾಸಿಟಮಾಲ್ ಬಾಟಲಿ, ಒಂದು ಬಾಯಿಸಿರಿಂಜ್, ‘ಮಗುವಿನ ತೂಕ 12 ಕಿಲೋ’ ಎಂದು ಬರೆದ ಒಂದು ಕಾಗದ ಇಡಿ. ಮೂವರೂ ಒಬ್ಬೊಬ್ಬರಾಗಿ ತಮ್ಮ ಪಾಲಿನ ಕೆಲಸ ಮುಗಿಸಿದ ಮೇಲೆ ಪರೀಕ್ಷಕರು ಸಿರಿಂಜನ್ನು ಬೆಳಕಿಗೆ ಹಿಡಿದು, ಔಷಧ ಯಾವ ಗೆರೆಯಲ್ಲಿ ನಿಂತಿದೆ ಎಂದು ನೋಡಿ ಅಂಕ ಕೊಡಲಿ.

ಇತಿ,
ಔಷಧಶಾಸ್ತ್ರದ ಇಬ್ಬರು ಬೋಧಕರು